‘ಹೊಂದ್ಕೋತಾವ ಬಿಡ್ರಿ’ ಅನ್ನೂ ಮಾತು ನನಗ ಒಪ್ಪಿಗಿ ಇಲ್ಲ



ಇವತ್ತ ಉಪ್ಪಿನಕಾಯಿ ವಿಷಯ ಅಲ್ಲ, ಉಪ್ಪುನೀರಿನ ಮೀನಿನ ವಿಷಯ. ನಮ್ಮ ಮನಿಗೆ ಬಂದವರೆಲ್ಲಾ ಪಡಸಾಲ್ಯಾಗಿನ ಗಾಜಿನ ತೊಟ್ಟಿ ಮುಂದ ನಿಂತು, “ಎಷ್ಟ ಚಂದ ಕಾಣ್ತಾವರಿ, ನಾವೂ ಒಂದ ಇಡಬೇಕು” ಅಂತೀರಿ. ಇಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಈ ವರ್ಷ ನಮ್ಮ ಬಳಗದಾಗ ಮೂರು ಮನಿಗೆ ತೊಟ್ಟಿ ಬಂದ್ವು, ಮೂರೂ ಮನ್ಯಾಗ ತಿಂಗಳ ತುಂಬೂದ್ರಾಗ ಮೀನ ಸತ್ವು, ಮೂರೂ ಮನಿಯವರು ಒಂದ ಮಾತು ಹೇಳಿದ್ರು: “ಅಂಗಡಿಯವ್ರು ಹೊಂದ್ಕೋತಾವ ಅಂದಿದ್ರು, ಯಾಕೋ ಹೊಂದ್ಕೊಳ್ಳಲಿಲ್ಲ.”

ಈ ‘ಹೊಂದ್ಕೋತಾವ’ ಅನ್ನೂ ಮಾತಿನ ಮ್ಯಾಲೆ ನನ್ನ ಸಿಟ್ಟು. ಮೀನ ತಾವಾಗೇ ಹೊಂದ್ಕೊಳ್ಳೂದಿಲ್ಲರೀ. ಇಡೂವ್ರು ಹೊಂದಿಸಬೇಕು. ಹೊಂದಿಸೂ ಕೆಲಸ ತಮ್ಮದು ಅಂತ ಗೊತ್ತಿಲ್ಲದವ್ರು, ಗೊತ್ತಿದ್ದೂ ಮಾಡಲಾರದವ್ರು, ಆ ಭಾರ ಬಾಯಿಲ್ಲದ ಜೀವದ ತಲಿಮ್ಯಾಲೆ ಹಾಕಿ ಕೈ ತೊಳಕೋತಾರ.

ಮೂರೂ ಮನ್ಯಾಗ ತಂದಿದ್ದು ರ‍್ಯಾಸ್ ಅನ್ನೂ ಕುಲದ ಮೀನ. ಈ ಕುಲದಾಗ 500ಕ್ಕೂ ಹೆಚ್ಚು ಜಾತಿ ಅವ. ಬೆರಳುದ್ದದ ಫ್ಲ್ಯಾಶರ್ ರ‍್ಯಾಸ್‌ನಿಂದ ಹಿಡಿದು, ಆರು ಫೂಟ ಬೆಳಿಯೂ ನೆಪೋಲಿಯನ್ ರ‍್ಯಾಸ್ ತನಕ ಎಲ್ಲಾ ಅದರಾಗ ಬರ್ತಾವ. ಬಣ್ಣ ಅಂದ್ರ ಇಳಕಲ್ಲ ಸೀರಿ ಸೆರಗು ನಾಚಬೇಕು. ಅಂಗಡ್ಯಾಗ ಎಲ್ಲಾಕ್ಕೂ ‘ರ‍್ಯಾಸ್’ ಅಂತ ಒಂದ ಹೆಸರು ಹೇಳಿ, “ಎಲ್ಲಾ ಒಂದ ಬಳಗದ್ದು ಅಲ್ರೀ, ಕೂಡೇ ಇರ್ತಾವ” ಅಂತಾರ. ನಮ್ಮ ಊರಾಗ ಓಣಿಗೆ ಹತ್ತ ಮನಿ ಕುಲಕರ್ಣ್ಯಾರವು, ಹತ್ತ ಮನಿ ಪಾಟೀಲರವು ಅವ. ಅಡ್ಡಹೆಸರು ಒಂದ ಅಂತ ಸ್ವಭಾವ ಒಂದ ಆಗ್ತದೇನು?

ಆರು ಗೆರಿ ರ‍್ಯಾಸ್ ಅಂತ ಒಂದ ಮೀನ ಅದ. ನೇರಳಿ ಬಣ್ಣದ ಮೈಮ್ಯಾಲೆ ಕಿತ್ತಳಿ ಬಣ್ಣದ ಆರು ಗೆರಿ. ನಾಕ ಇಂಚ ದಾಟೂದಿಲ್ಲ. ಹವಳಕ್ಕ ಕಾಟ ಕೊಡೂ ಸಣ್ಣ ಹುಳಾ ತಿಂತದ, ಗಟ್ಟಿ ಜೀವ, ಸೋವಿ ಅದ ಅಂತ ಎಲ್ಲಾಕ್ಕಿಂತ ಮೊದಲು ಅದನ್ನ ಗಂಟಿಗೆ ಕಟ್ತಾರ. ಅದು ಒಂದ ತಿಂಗಳ ಒಬ್ಬಂಟಿ ಇದ್ದು ಕಲ್ಲಿನ ಸಂದಿ-ಗೊಂದಿ ಎಲ್ಲಾ ತನ್ನದು ಮಾಡ್ಕೋತದ. ಆಮ್ಯಾಲೆ ನೀವು ಫೇರಿ ರ‍್ಯಾಸ್ ತರ್ತೀರಿ, ಫ್ಲ್ಯಾಶರ್ ತರ್ತೀರಿ. ಇವು ಸಾಧು ಮೀನ. ಸಮುದ್ರದಾಗ ಹವಳದ ಮ್ಯಾಲೆ ಗುಂಪು ಕಟ್ಟಿ, ನೀರಾಗ ತೇಲಿ ಬರೂ ಸಣ್ಣ ಜೀವಿಗಳನ್ನ ದಿನವಿಡೀ ತುತ್ತ-ತುತ್ತಾಗಿ ತಿನ್ನೂವು. ಆರು ಗೆರಿಯಾಂವ ಹೊಸಾದಾಗಿ ಬಂದಿದ್ದರ ರೆಕ್ಕಿ ಹರೀತಾನ, ಮೂಲಿಗೆ ಒತ್ತತಾನ, ಊಟದ ಹೊತ್ತಿಗೆ ಹೊರಗ ಬರಗೊಡೂದಿಲ್ಲ. ಕಚ್ಚಿ ಕೊಲ್ಲೂದ ಬ್ಯಾಡ, ಉಪವಾಸ ಕೆಡವಿದ್ರ ಸಾಕು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಬೆನ್ನಟ್ಟಿಸ್ಕೊಂಡ ಮೀನಿಗೆ ಕಡೀಕ ಒಂದ ದಾರಿ ಉಳೀತದ, ಮ್ಯಾಲೆ ಜಿಗಿಯೂದು. ಮುಂಜಾನೆ ಕಸಾ ಹೊಡಿಯೂವಾಗ ನೆಲದ ಮ್ಯಾಲೆ ಒಣಗಿ ಬಿದ್ದಿರ್ತದ. ಆಗ “ಹೊಂದ್ಕೊಳ್ಳಲಿಲ್ಲ” ಅಂತ ಸತ್ತ ಮೀನಿನ ಮ್ಯಾಲೆ ತಪ್ಪು ಹೊರಸ್ತಾರ!

“ಅಂಗಡ್ಯಾಗ ಒಂದ ತೊಟ್ಟ್ಯಾಗ ಹತ್ತ ನಮೂನಿ ಇದ್ದೂವಲ್ಲ, ಅಲ್ಲೆ ಹೆಂಗ ಜಗಳಾಡಲಿಲ್ಲ?” ಅಂತ ಕೇಳ್ತೀರಿ. ಬಸ್‌ಸ್ಟ್ಯಾಂಡಿನ್ಯಾಗ ಯಾರರೆ ಕಟ್ಟಿ ನಂದು, ಮೂಲಿ ನಂದು ಅಂತ ಬಡದಾಡ್ತಾರೇನ್ರಿ? ಅಲ್ಲಿ ಇರೂದು ನಾಕ ದಿನ. ತೊಟ್ಟಿ ಬೋಳು, ಗದ್ದಲ ಭಾಳ, ಅಂಜಿಕಿ ಅದಕ್ಕೂ ಹೆಚ್ಚು. ಯಾರಿಗೂ ಜಾಗಾ ಹಿಡಿಯೂ ಧೈರ್ಯ ಇರೂದಿಲ್ಲ. ಮನಿಗೆ ಬಂದ ಮ್ಯಾಲೆ ‘ಇದು ನನ್ನ ಜಾಗಾ’ ಅನ್ನೂದು ಸುರು ಆಗ್ತದ. ಅಂಗಡ್ಯಾಗಿನ ಶಾಂತಿ ನೋಡಿ ಮನಿಯ ಶಾಂತಿ ಅಳೀಬ್ಯಾಡ್ರಿ.

ಇನ್ನೊಂದು, ಗಂಡು-ಹೆಣ್ಣಿನ ವಿಷಯ. ಫೇರಿ, ಫ್ಲ್ಯಾಶರ್ ಮೀನ ಮೊದಲು ಹೆಣ್ಣಾಗಿ ಬೆಳೀತಾವ. ಗುಂಪಿನಾಗಿನ ಗಂಡು ಹೋದ್ರ, ಇದ್ದುದ್ರಾಗ ದೊಡ್ಡ ಹೆಣ್ಣು ಕೆಲವು ವಾರದಾಗ ಗಂಡಾಗ್ತದ. ದೇವರ ಸೃಷ್ಟಿ ಹಂಗದ. ಗಂಡಿಗೆ ಬಣ್ಣ ಹೆಚ್ಚು, ಅದಕ್ಕ ಕಿಮ್ಮತ್ತೂ ಹೆಚ್ಚು. ಬಣ್ಣ ನೋಡಿ ಒಂದ ಜಾತಿಯ ಎರಡು ಗಂಡು ತಂದು ಬಿಟ್ರ, ಒಂದ ಒರಿಯೊಳಗ ಎರಡು ಕತ್ತಿ ಇಟ್ಟಂಗ. ಒಂದ ಜಾತಿಗೆ ಒಂದ ಗಂಡು ಸಾಕು. ಬ್ಯಾರೆ ಜಾತಿದು ತಂದ್ರೂ ನೋಡಲಿಕ್ಕೆ ಒಂದರಂಗ ಒಂದ ಇರಬಾರದು. ಬಣ್ಣ, ಆಕಾರ ದೂರ-ದೂರ ಇದ್ದಷ್ಟೂ ಜಗಳ ಕಡಿಮಿ.

ಹಂಗಂದ್ರ ಕೂಡಿಸಿ ಇಡಲಿಕ್ಕೇ ಬರೂದಿಲ್ಲೇನು? ಬರ್ತದ. ನಮ್ಮ ತೊಟ್ಟಿ ನಾಕ ಫೂಟ ಉದ್ದ, ಸುಮಾರು 350 ಲೀಟರ್ ನೀರು. ಅದರಾಗ ಒಂದ ಫೇರಿ, ಒಂದ ಗಂಡು ಎರಡು ಹೆಣ್ಣು ಫ್ಲ್ಯಾಶರ್, ಒಂದ ಅರಿಷಿಣ ಬಣ್ಣದ ಕೋರಿಸ್ ರ‍್ಯಾಸ್ ಆರಾಮ ಅವ. ಇದು ಅವುಗಳ ಒಳ್ಳೇತನ ಅಲ್ಲ, ನಮ್ಮ ಮನಿಯವರದೂ ನಂದೂ ದುಡಿಮಿ. ಎಲ್ಲಾಕ್ಕಿಂತ ಸಾಧು ಇದ್ದಿದ್ದನ್ನ ಮೊದಲು ಬಿಟ್ವಿ. ಸ್ವಲ್ಪ ಜೋರು ಇದ್ದಿದ್ದನ್ನ ಕಡೀಕ ತಂದ್ವಿ. ಹೊಸಾ ಮೀನನ್ನ ಸೀದಾ ನೀರಿಗೆ ಬಿಡೂದಿಲ್ಲ. ತೂತಿನ ಪಾರದರ್ಶಕ ಡಬ್ಬಿಯೊಳಗ ಹಾಕಿ ತೊಟ್ಟಿಯೊಳಗನ ತೂಗ ಹಾಕ್ತೀವಿ. ನಾಕೈದು ದಿನ ಹಳೇವು ಹೊಸಾದನ್ನ, ಹೊಸಾದು ಹಳೇವನ್ನ ನೋಡ್ಲಿ. ಗಾಜಿಗೆ ಬಂದು ಗುದ್ದೂದು ನಿಂತ ಮ್ಯಾಲೆ, ದೀಪ ಆರಿಸಿ ರಾತ್ರಿ ಬಿಡ್ತೀವಿ. ಬಿಡೂ ಮೊದಲು ಕಲ್ಲುಗಳ ಜಾಗಾ ಸ್ವಲ್ಪ ಬದಲಿ ಮಾಡ್ತೀವಿ. ‘ಇದು ನನ್ನ ಸಂದಿ’ ಅಂತ ಕೂತವರಿಗೂ ಅವತ್ತ ಮನಿ ಹೊಸಾದ ಆಗ್ತದ.

ಮಲಗೂ ಜಾಗಾನೂ ನೋಡಬೇಕು. ಅರಿಷಿಣ ಬಣ್ಣದ್ದು ರಾತ್ರಿ ಉಸುಕಿನ್ಯಾಗ ಹುಗದು ಮಲಗ್ತದ, ಅದಕ್ಕ ಎರಡ-ಮೂರು ಇಂಚ ಸಣ್ಣ ಉಸುಕು ಬೇಕೇ ಬೇಕು. ಫೇರಿ ಮೀನ ಕಲ್ಲಿನ ಸಂದ್ಯಾಗ ಲೋಳೆಯ ತೆಳು ಚೀಲಾ ಹೆಣಕೊಂಡು ಅದರೊಳಗ ಮಲಗ್ತದ. ತೊಟ್ಟಿ ಬಾಯಿಗೆ ಸಣ್ಣ ಕಣ್ಣಿನ ಜಾಳಿ ಇರಬೇಕು. ಊಟ ದಿನಕ್ಕ ಎರಡ-ಮೂರು ಸರತೆ, ಸ್ವಲ್ಪ-ಸ್ವಲ್ಪ, ತೊಟ್ಟಿಯ ಎರಡೂ ತುದಿಗೆ ಹಾಕಬೇಕು. ಒಂದ ಕಡೆ ಹಾಕಿದ್ರ ಬಲ ಇದ್ದಾಂವ ತಿಂತಾನ, ಇಲ್ಲದಾಂವ ನೋಡ್ತಾನ.

ಎಷ್ಟ ದುಡುದ್ರೂ ಹೊಂದಿಸಲಿಕ್ಕೆ ಆಗಲಾರದವೂ ಅವ. ಚಂದ್ರ ರ‍್ಯಾಸ್ ಸಣ್ಣದಿದ್ದಾಗ ಮುದ್ದಾಗಿರ್ತದ, ಬೆಳದ್ರ ಹತ್ತ ಇಂಚ ಆಗ್ತದ, ಸೀಗಡಿ-ಸಣ್ಣ ಮೀನ ನುಂಗ್ತದ. ಕ್ಲೀನರ್ ರ‍್ಯಾಸ್ ಬ್ಯಾರೆ ಮೀನಿನ ಮೈಮ್ಯಾಲಿನ ಹುಳಾ ಹೆಕ್ಕಿ ತಿಂದು ಬದುಕೂ ಮೀನ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದ ಹತ್ರ ವಿಜ್ಞಾನಿಗಳು ಲೆಕ್ಕಾ ಹಾಕಿದಾಗ, ಒಂದ ಕ್ಲೀನರ್ ದಿನಕ್ಕ ಸುಮಾರು 1200 ಹುಳಾ ತಿಂತದ ಅಂತ ಗೊತ್ತಾತು. ನಿಮ್ಮ ಹತ್ತ ಮೀನಿನ ತೊಟ್ಟ್ಯಾಗ ಅದಕ್ಕ ಅಷ್ಟ ಅನ್ನ ಎಲ್ಲಿಂದ ತರ್ತೀರಿ? ಕೆಲವೊಂದು ಬ್ಯಾರೆ ಊಟ ಕಲೀತಾವ, ಭಾಳಷ್ಟು ಸೊರಗಿ ಸಾಯ್ತಾವ. “ತೊಟ್ಟಿ ಸ್ವಚ್ಛ ಮಾಡ್ತದ” ಅಂತ ಕೊಡೂವ್ರ ಮಾತು ಕೇಳಬ್ಯಾಡ್ರಿ. ತೊಟ್ಟಿ ಸ್ವಚ್ಛ ಮಾಡೂದು ನಿಮ್ಮ ಕೆಲಸ.

“ನಮ್ಮ ಮನ್ಯಾಗ ಆರು ಗೆರಿದು ಯಾರ ತಂಟೆಗೂ ಹೋಗೂದಿಲ್ಲ” ಅನ್ನೂವ್ರೂ ಇದ್ದಾರ. ಇರಬಹುದು, ನಾ ಸುಳ್ಳ ಅನ್ನೂದಿಲ್ಲ. ಆದ್ರ ಒಂದ ಮನಿಯ ಪುಣ್ಯಾ ನೋಡಿ ಹತ್ತ ಮನಿ ಮೀನಿನ ಜೀವದ ಮ್ಯಾಲೆ ಜೂಜು ಆಡಬಾರದು. ಈ ಮೀನ ಹೆಚ್ಚೂ ಕಡಿಮಿ ಎಲ್ಲಾ ಸಮುದ್ರದಿಂದ ಹಿಡಿದು ತಂದವು, ಸಾಕಣಿಯೊಳಗ ಹುಟ್ಟಿದ್ದು ಭಾಳ ಅಪರೂಪ. ಒಂದ ಸತ್ರ ಇನ್ನೊಂದ ತಂದ್ರಾತು ಅಂದ್ರ, ಹವಳದ ದಿಬ್ಬದಿಂದ ಇನ್ನೊಂದ ಕಿತ್ತಂಗ.

ನನಗ ಯಾಕ ಇಷ್ಟ ಸಿಟ್ಟು ಅಂದ್ರ, ಈ ಮಾತು ನಾವೆಲ್ಲಾರೂ ಕೇಳಿದ್ದ ಅದ. ಹೊಸಾ ಮನಿಗೆ ಹೋಗೂವಾಗ ನಮಗೂ “ಹೊಂದ್ಕೊಂಡು ಹೋಗವಾ” ಅಂದು ಕಳಿಸ್ಯಾರ. ಬಂದಾಕಿಗೆ ಹೊಂದ್ಕೋ ಅಂತಾರ, ಮೊದಲಿಂದ ಕೂತವರಿಗೆ ಸ್ವಲ್ಪ ಸರದು ಕೂಡ್ರಿ ಅಂತ ಯಾರೂ ಹೇಳೂದಿಲ್ಲ. ಮನಷಾರು ಬಾಯಿ ಬಿಟ್ಟು ಹೇಳ್ಕೋತೀವಿ, ತವರಿಗರೆ ಹೋಗಿ ನಾಕ ದಿನ ಇದ್ದು ಬರ್ತೀವಿ. ಗಾಜಿನ ಗ್ವಾಡಿಯೊಳಗ ಇದ್ದದ್ದು ಎಲ್ಲಿ ಹೋಗಬೇಕು?

ಅದಕ್ಕ ಮುಂದಿನ ಸರತೆ ಅಂಗಡ್ಯಾಗ “ಹೊಂದ್ಕೋತಾವ ಬಿಡ್ರಿ” ಅಂದ್ರ, ರೊಕ್ಕಾ ತಗಿಯೂ ಮೊದಲು ಐದು ಮಾತು ಕೇಳ್ರಿ. ಇದರ ಪೂರ್ತಿ ಹೆಸರೇನು? ಬೆಳದ್ರ ಎಷ್ಟ ಉದ್ದ ಆಗ್ತದ? ರಾತ್ರಿ ಎಲ್ಲೆ ಮಲಗ್ತದ? ನಮ್ಮ ತೊಟ್ಟ್ಯಾಗ ಈಗಾಗಲೇ ಇದ್ದವರಾಗ ಯಾರಿಗೆ ಇದು ಆಗೂದಿಲ್ಲ? ನಮ್ಮ ಕಣ್ಣ ಮುಂದ ಇದು ಊಟಾ ಮಾಡಿ ತೋರಸ್ತದೇನು? ಐದಕ್ಕೂ ಉತ್ತರ ಬರಲಿಲ್ಲ ಅಂದ್ರ ಚೀಲಾ ಖಾಲಿನ ಹಿಡಕೊಂಡು ಮನಿಗೆ ಬರ್ರಿ. ಖಾಲಿ ಚೀಲಾ ತಂದ್ರ ಯಾರೂ ಸಾಯೂದಿಲ್ಲ.