ಅವರಿಗೆ ಗುರುಗಳಿರಲಿಲ್ಲವೇ?



ಅಮೆರಿಕದ ಕಲಾಲೋಕವು ತನ್ನ ಕೆಲವು ಕಪ್ಪು ಶಿಲ್ಪಿಗಳನ್ನು ‘ಸ್ವಯಂಶಿಕ್ಷಿತರು’ ಎಂಬ ಪಂಗಡಕ್ಕೆ ಸೇರಿಸಿದೆ. ಕೇಳಲು ಇದು ಹೊಗಳಿಕೆಯ ಮಾತು. ಆದರೆ ದಶಕಗಳ ಕಾಲ ಪಾಠ ಹೇಳಿದ ನನಗೆ, ಅನ್ಯಾಯವೊಂದನ್ನು ಮುಚ್ಚಿಡುವ ಮಾತಾಗಿಯೇ ಅದು ಕೇಳಿಸುತ್ತದೆ.

ವಿಲಿಯಂ ಎಡ್ಮಂಡ್‌ಸನ್ ಅವರನ್ನು ನೋಡಿ. ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ ಬಳಿ ಸುಮಾರು 1874ರಲ್ಲಿ, ಹಿಂದೆ ಗುಲಾಮರಾಗಿದ್ದ ತಂದೆತಾಯಿಗಳಿಗೆ ಜನಿಸಿದವರು. ರೈಲ್ವೆಯಲ್ಲಿ ದುಡಿದು, ಬಳಿಕ ಆಸ್ಪತ್ರೆಯೊಂದರಲ್ಲಿ ಕೂಲಿಯಾದವರು. ಅರುವತ್ತರ ಹೊಸ್ತಿಲಲ್ಲಿ, ಕೆಡವಿದ ಕಟ್ಟಡಗಳ ಸುಣ್ಣಕಲ್ಲು ತಂದು, ರೈಲುಹಳಿಯ ಮೊಳೆಯನ್ನೇ ಉಳಿಯಾಗಿಸಿಕೊಂಡು, ತಮ್ಮ ಜನರ ಸಮಾಧಿಗಳಿಗೆ ಕಲ್ಲು ಕೆತ್ತತೊಡಗಿದರು. ಇದು ದೇವರ ಅಪ್ಪಣೆ ಎನ್ನುತ್ತಿದ್ದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಏಕವ್ಯಕ್ತಿ ಪ್ರದರ್ಶನದ ಗೌರವ ಪಡೆದ ಮೊದಲ ಕಪ್ಪು ಕಲಾವಿದರು ಇವರೇ, ಅದು 1937ರಲ್ಲಿ. ಆದರೂ ಅವರಿಗೆ ಅಂಟಿದ ಬಿರುದು ‘ಆದಿಮ’ ಎಂಬುದು! ಊರವರ ಸಮಾಧಿಗಳಿಗೆಲ್ಲ ಕಲ್ಲು ಕೆತ್ತಿದ ಆ ಹಿರಿಯರು 1951ರಲ್ಲಿ ತೀರಿಕೊಂಡಾಗ, ಗುರುತಿನ ಕಲ್ಲೇ ಇಲ್ಲದ ಸಮಾಧಿಯಲ್ಲಿ ಮಣ್ಣಾದರು.

ಅಲಬಾಮಾದ ಥಾರ್ನ್‌ಟನ್ ಡಯಲ್ (1928–2016) ಬಾಲ್ಯದಲ್ಲೇ ಶಾಲೆ ಬಿಟ್ಟವರು. ಬೆಸೆಮರ್ ಪಟ್ಟಣದ ರೈಲುಗಾಡಿ ಕಾರ್ಖಾನೆಯಲ್ಲಿ ಸುಮಾರು ಮೂರು ದಶಕ ಲೋಹದ ಕೆಲಸ ಮಾಡಿದರು. ಕಬ್ಬಿಣ ಬಗ್ಗಿಸಿ, ಬೆಸೆದು, ಗುಜರಿಯಿಂದ ಬೃಹತ್ ಕೃತಿಗಳನ್ನು ನಿರ್ಮಿಸಿದ ಕೈ ಅಲ್ಲಿಯೇ ಪಳಗಿತ್ತು. ಇವರಿಗೆ ‘ಯಾರೂ ಕಲಿಸಲಿಲ್ಲ’ ಎನ್ನುವುದಾದರೆ, ಕಾರ್ಖಾನೆಯ ವಿದ್ಯೆ ವಿದ್ಯೆಯೇ ಅಲ್ಲವೆಂದಾಯಿತು. ಬರ್ಮಿಂಗ್‌ಹ್ಯಾಮಿನ ಲಾನಿ ಹೋಲಿ 1979ರಲ್ಲಿ, ಬೆಂಕಿ ಅಪಘಾತದಲ್ಲಿ ತೀರಿಕೊಂಡ ಸೋದರಿಯ ಇಬ್ಬರು ಮಕ್ಕಳಿಗೆ ಸಮಾಧಿಕಲ್ಲು ಕೊಳ್ಳಲು ಹಣವಿಲ್ಲದೆ, ಎರಕದ ಕಾರ್ಖಾನೆ ಎಸೆದ ಮರಳುಗಲ್ಲಿನಂಥ ವಸ್ತುವಿನಲ್ಲಿ ತಾವೇ ಕೆತ್ತಿದರು. ಅವರ ಶಿಲ್ಪಾಂಗಣವನ್ನು 1997ರಲ್ಲಿ ವಿಮಾನನಿಲ್ದಾಣದ ವಿಸ್ತರಣೆಗಾಗಿ ನೆಲಸಮ ಮಾಡಲಾಯಿತು.

‘ಸ್ವಯಂಶಿಕ್ಷಿತ’ ಎಂಬ ಪದ ಮುಚ್ಚಿಡುವ ಇನ್ನೊಂದು ಸಂಗತಿಯಿದೆ. ಅಲಬಾಮಾದ 1901ರ ಸಂವಿಧಾನವು ಕಪ್ಪು, ಬಿಳಿ ಮಕ್ಕಳಿಗೆ ಪ್ರತ್ಯೇಕ ಶಾಲೆಗಳನ್ನೇ ವಿಧಿಸಿತ್ತು. ಸಾರ್ವಜನಿಕ ಶಾಲೆಗಳಲ್ಲಿ ಅಂಥ ಪ್ರತ್ಯೇಕತೆ ಸಲ್ಲದೆಂದು ದೇಶದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1954ರಲ್ಲಿ. ಆ ವೇಳೆಗೆ ಡಯಲ್ ಅವರಿಗೆ ಇಪ್ಪತ್ತೈದು ದಾಟಿತ್ತು. ಬಾಗಿಲು ಮುಚ್ಚಿದವರೇ ಮುಂದೆ ಬಂದು, ‘ಆಹಾ, ಒಳಗೆ ಬಾರದೆಯೇ ಇಷ್ಟು ಕಲಿತಿರಲ್ಲ!’ ಎಂದು ಬೆರಗಾಗುವುದನ್ನು ಗುಣಗ್ರಾಹಿತ್ವವೆಂದು ಒಪ್ಪಲು ನಾನು ಸಿದ್ಧನಿಲ್ಲ.

‘ಮೇಷ್ಟ್ರೇ, ಅದು ಬರಿಯ ವರ್ಗೀಕರಣವಲ್ಲವೇ?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹಾಗಿದ್ದರೆ ಬಹುಪಾಲು ತಾವೇ ಕಲಿತ ವಾನ್ ಗೋ ಅವರನ್ನೂ ಅದೇ ಕೋಣೆಯಲ್ಲಿ ಕೂರಿಸಲಿ. ಅವರು ಕೇವಲ ‘ಕಲಾವಿದ’. ಎಡ್ಮಂಡ್‌ಸನ್ ಮಾತ್ರ ವಿಶೇಷಣ ಸಹಿತ ಕಲಾವಿದ.

ಈಚೆಗೆ ಗಾಳಿ ಕೊಂಚ ಬದಲಾಗಿದೆ, ನಿಜ. ಸೋಲ್ಸ್ ಗ್ರೋನ್ ಡೀಪ್ ಪ್ರತಿಷ್ಠಾನವು 2014ರಲ್ಲಿ ಡಯಲ್ ಮುಂತಾದವರ 57 ಕೃತಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಕೊಡುಗೆಯಾಗಿ ನೀಡಿತು. ಎಡ್ಮಂಡ್‌ಸನ್ ಅವರ ಒಂದು ಶಿಲ್ಪ 2016ರ ಹರಾಜಿನಲ್ಲಿ 7,85,000 ಡಾಲರಿಗೆ ಮಾರಾಟವಾಯಿತು. ಬೆಲೆ ಏರಿತು, ಸಂತೋಷ. ಆ ಶಿಲ್ಪದ ಕೆಳಗಿನ ಫಲಕವೂ ಬದಲಾಗಬೇಕು. ರೈಲ್ವೆ, ಕಾರ್ಖಾನೆ, ಸ್ಮಶಾನ, ಪ್ರಾರ್ಥನಾಮಂದಿರ – ಇವು ಅವರ ಪಾಠಶಾಲೆಗಳಾಗಿದ್ದುವೆಂದು ಅಲ್ಲಿ ಬರೆಯಲಿ.

ನಿಮ್ಮಲ್ಲಿ ಹಲವರು ಆ ದೇಶದಲ್ಲಿದ್ದೀರಿ. ಮಕ್ಕಳನ್ನು ಈ ಸಂಗ್ರಹಾಲಯಗಳಿಗೆ ಕರೆದೊಯ್ದಾಗ ಎರಡು ಪ್ರಶ್ನೆ ಕೇಳಲು ಕಲಿಸಿ: ಈ ಶಿಲ್ಪಿಗೆ ಕಲಿಸಿದವರು ಯಾರು? ಕಲಿಸಲು ನಿರಾಕರಿಸಿದವರು ಯಾರು?