ನಮ್ಮ ಮೆಟ್ರೋ, ಬಸವ ಮೆಟ್ರೋ



2025ರ ಅಕ್ಟೋಬರ್ 5ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಜರುಗಿದ ಬಸವ ಸಂಸ್ಕೃತಿ ಅಭಿಯಾನದ ಸಮಾರೋಪದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ‘ನಮ್ಮ ಮೆಟ್ರೋ’ಗೆ ‘ಬಸವ ಮೆಟ್ರೋ’ ಎಂದು ನಾಮಕರಣ ಮಾಡಲು ಕೇಂದ್ರ ಸರಕಾರಕ್ಕೆ ಶಿಫಾರಸು ಮಾಡುವುದಾಗಿ ಸಾರಿದರು. ಆ ಯೋಜನೆಯಲ್ಲಿ ಕೇಂದ್ರ, ರಾಜ್ಯಗಳೆರಡಕ್ಕೂ ಪಾಲಿರುವುದರಿಂದ ರಾಜ್ಯವೊಂದೇ ನಿರ್ಧರಿಸುವಂತಿಲ್ಲ. ಭಾಗ್ಯನಗರದ ನೇಕಾರ ಹಿರಿಯರೊಬ್ಬರು ಈ ಕುರಿತು ನಮ್ಮನ್ನು ಕೇಳಿದರು: “ಗುರುಗಳೇ, ಬೆಂಗಳೂರಿನ ರೈಲಿನ ಹೆಸರು ನಮಗ್ಯಾಕ್ರಿ?”

ಸಂಬಂಧವಿದೆ. ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಏರಿದ ನಮ್ಮ ಮಕ್ಕಳು ಬೆಳಗಿನ ಹೊತ್ತಿಗೆ ಬೆಂಗಳೂರಿನಲ್ಲಿಳಿದು, ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದಲೇ ಮೆಟ್ರೋ ಹಿಡಿದು ದುಡಿಮೆಯ ಜಾಗ ಸೇರುತ್ತಾರೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ ಮೊದಲಾದ ಈ ರೈಲು, 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಅಖಂಡವಾಯಿತು. 2025ರ ಆಗಸ್ಟ್ 10ರಂದು ಬೊಮ್ಮಸಂದ್ರದ ಹಳದಿ ಮಾರ್ಗವೂ ತೆರೆಯಿತು. ಕಾರ್ಖಾನೆಗಳ ಆ ಭಾಗಕ್ಕೆ ಹೋಗುವವರಲ್ಲಿ ನಮ್ಮ ಕಡೆಯವರು ಕಡಿಮೆಯಿಲ್ಲ.

ಈ ವಾಹನದಲ್ಲಿ ನಮಗೆ ಮೆಚ್ಚುಗೆಯಾದುದೆಂದರೆ ಅದರಲ್ಲಿ ತರಗತಿಗಳಿಲ್ಲದಿರುವುದು. ಮುಂಬಯಿಯ ಲೋಕಲ್ ಗಾಡಿಯಲ್ಲಿ ಮೊದಲ ದರ್ಜೆಯೆಂಬುದುಂಟು. ಇಲ್ಲಿ ಅಧಿಕಾರಿಯೂ ಗಾರೆ ಕೆಲಸದವನೂ ಒಂದೇ ಸಾಲಿನಲ್ಲಿ ಕೂಡಬೇಕು. ಅನುಭವ ಮಂಟಪವನ್ನು ಕಟ್ಟಿದವರಿಗೆ ಇದು ಅಪರಿಚಿತವೆನಿಸದು. ‘ನಮ್ಮ’ ಎಂಬ ಪದವೂ ಬಸವಣ್ಣನವರ ಭಾವಕ್ಕೆ ಹೊರಗಿನದಲ್ಲವಾದ್ದರಿಂದ, ಹೆಸರು ಬದಲಾಗದಿದ್ದರೂ ನಮಗೆ ಖೇದವಿಲ್ಲ.

ಖೇದವಿರುವುದು ದರದ ವಿಷಯದಲ್ಲಿ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೇರಿತು. ಜನ ಕೂಗೆಬ್ಬಿಸಿದ ಮೇಲೆ ಕೆಲವು ಹಂತಗಳಲ್ಲಿ ಇಳಿಸಿದರಾದರೂ ಗರಿಷ್ಠ ದರ ಇಳಿಯಲಿಲ್ಲ. ಆ ದರದಂತೆ ನಗರದ ಒಂದಂಚಿನಿಂದ ಇನ್ನೊಂದಂಚಿಗೆ ದಿನವೂ ಹೋಗಿಬರುವವನಿಗೆ ತಿಂಗಳ 25 ದಿನಕ್ಕೆ 4,500 ರೂಪಾಯಿ. ಕಾರ್ಡಿನ ರಿಯಾಯಿತಿ ಕಳೆದರೂ ನಾಲ್ಕು ಸಾವಿರದ ಮೇಲೆಯೇ. ಊರಿಗೆ ಕಳುಹಿಸಬೇಕಾದ ಹಣ ಅಲ್ಲಿ ಕರಗುತ್ತದೆ. ಹೀಗಾಗಿ ಎಷ್ಟೋ ತರುಣರು ಮೆಟ್ರೋ ತಲೆಯ ಮೇಲೆ ಹಾದುಹೋಗುತ್ತಿರಲು ಕೆಳಗೆ ಬಸ್ಸಿಗೆ ಕಾಯುತ್ತಾರೆ.

ನಿಗಮದ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ವಿದ್ಯುತ್ತು, ವೇತನ, ಸಾಲದ ಮರುಪಾವತಿ ಇವೆಲ್ಲ ಎಲ್ಲಿಂದಲಾದರೂ ಬರಬೇಕು. 2017ರ ನಂತರ ದರ ಪರಿಷ್ಕರಿಸಿರಲಿಲ್ಲವೆಂಬುದೂ ನಿಜ. ಆದರೆ ಬಸವಣ್ಣನವರ ನಾಮವನ್ನು ಬಯಸುವ ಯೋಜನೆ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಬೇಕು. ಪತಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನಾಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದ ತಾಯಿ ಆಕೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟ ಸರಕಾರಕ್ಕೆ, ಮೆಟ್ರೋದಲ್ಲಿ ಕೂಲಿಯವರಿಗೂ ವಿದ್ಯಾರ್ಥಿಗಳಿಗೂ ರಿಯಾಯಿತಿಯ ಮಾಸಿಕ ಪಾಸು ಕೊಡಿಸುವುದು ಅಸಾಧ್ಯವೇನಲ್ಲ. ಬಸವನಾಮದ ಶಿಫಾರಸಿನೊಡನೆ ಈ ಬೇಡಿಕೆಯೂ ದಿಲ್ಲಿಗೆ ಹೋಗಲಿ.

ಭಾಗ್ಯನಗರ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಭಕ್ತರು ಬೆಂಗಳೂರಿನಲ್ಲಿ ದುಡಿಯುವ ತಮ್ಮ ಮಕ್ಕಳ ತಿಂಗಳ ಸಂಬಳವೆಷ್ಟು, ಮೆಟ್ರೋ ಖರ್ಚೆಷ್ಟು ಎಂಬುದನ್ನು ವಿಚಾರಿಸಿ ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಬೇಕು. ಮನವಿಯನ್ನು ನಾವು ಬರೆಯುತ್ತೇವೆ.