ಗರ್ಭನಿರೋಧದ ಹೊಣೆ ಯಾರದು?



ಸಿಡ್ನಿಯ ಪಶ್ಚಿಮ ಬಡಾವಣೆಯೊಂದರಲ್ಲಿ ನಡೆದ ಕನ್ನಡ ಕೂಟದ ಊಟದ ಬಿಡುವಿನಲ್ಲಿ, ಓದಲು ಬಂದು ಇನ್ನೂ ವರ್ಷ ತುಂಬದ ತರುಣಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದಳು. ನಾನು ಆರೋಗ್ಯ ವಿಷಯದ ಸಂಶೋಧಕಿ ಎಂದು ಯಾರೋ ಹೇಳಿದ್ದರಂತೆ. ಔಷಧದ ಅಂಗಡಿಯಲ್ಲಿ ಸಿಗುವ ತುರ್ತು ಮಾತ್ರೆಯನ್ನು ಎರಡು ಮೂರು ಬಾರಿ ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಿಲ್ಲವೇ ಎಂಬುದು ಅವಳ ಆತಂಕ. ಅದುವರೆಗೆ ಮಂಡ್ಯದ ಕನ್ನಡದಲ್ಲಿ ಹರಟುತ್ತಿದ್ದವಳು ಈ ಪ್ರಶ್ನೆಗೆ ಮಾತ್ರ ಇಂಗ್ಲಿಷಿಗೆ ಹೊರಳಿದಳು.

ಉತ್ತರ ಸರಳ. ಆ ಮಾತ್ರೆ ಅಂಡ ಬಿಡುಗಡೆಯಾಗುವುದನ್ನು ಕೆಲವು ದಿನ ಮುಂದೂಡುತ್ತದೆ, ಅಷ್ಟೇ. ಆದಷ್ಟು ಬೇಗ ತೆಗೆದುಕೊಂಡರೆ ಹೆಚ್ಚು ಫಲ. ಈಗಾಗಲೇ ನಿಂತ ಗರ್ಭವನ್ನು ಅದು ತೆಗೆಯದು, ಮುಂದಿನ ಸಂತಾನಶಕ್ತಿಯನ್ನೂ ಕುಂದಿಸದು. ಆದರೆ ನಿತ್ಯದ ಸಾಧನವಾಗಿ ನೆಚ್ಚಿಕೊಳ್ಳುವಷ್ಟು ಭದ್ರವಲ್ಲ. ಅವಳು ನಿಟ್ಟುಸಿರುಬಿಟ್ಟು ಹೊರಟಳು. ಇಂಥ ಪ್ರಶ್ನೆಗೆ ಅವಳ ಬಳಿ ಕನ್ನಡ ಏಕಿರಲಿಲ್ಲ ಎಂಬ ಯೋಚನೆ ಮಾತ್ರ ನನ್ನೊಡನೆ ಮನೆಗೆ ಬಂತು.

ಈ ವಿಷಯದಲ್ಲಿ ನಮ್ಮ ನಾಡು ಹಿಂದುಳಿದಿದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ಇಂಥ ಹೊಣೆ ಹೊತ್ತದ್ದರಲ್ಲಿ ಅದು ಜಗತ್ತಿಗೇ ಮೊದಲನೆಯದೆಂದು ಪರಿಗಣಿತವಾಗಿದೆ. ಸಿಡ್ನಿಯಲ್ಲಿ ಚಿಕಿತ್ಸಾಲಯ ತೆರೆದದ್ದು 1933ರಲ್ಲಿ. ಅದೂ 'ರೇಷಿಯಲ್ ಹೈಜೀನ್ ಅಸೋಸಿಯೇಷನ್' ಎಂಬ ಸಂಸ್ಥೆಯಿಂದ. ಇಂದಿನ ಫ್ಯಾಮಿಲಿ ಪ್ಲಾನಿಂಗ್ ಆಸ್ಟ್ರೇಲಿಯಾದ ಬೇರು ಅಲ್ಲಿದೆ. ಹೆಣ್ಣಿನ ಇಚ್ಛೆಗಿಂತ 'ಜನಾಂಗದ ಶುದ್ಧಿ'ಯ ಚಿಂತೆ ಆ ಹೆಸರಿನಲ್ಲೇ ಎದ್ದು ಕಾಣುತ್ತದೆ.

ನಮ್ಮಲ್ಲಿ ದಾರಿ ತಪ್ಪಿದ್ದು ಬೇರೆ ಬಗೆಯಲ್ಲಿ. ತುರ್ತು ಪರಿಸ್ಥಿತಿಯ 1976-77ರ ಒಂದೇ ಸಾಲಿನಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಬಹುಪಾಲು ಗಂಡಸರಿಗೆ, ಅನೇಕ ಕಡೆ ಬಲವಂತವಾಗಿ. 1977ರ ಚುನಾವಣೆಯಲ್ಲಿ ಜನ ಅದಕ್ಕೆ ಉತ್ತರ ಕೊಟ್ಟರು. ಆಮೇಲೆ ಕಾರ್ಯಕ್ರಮಕ್ಕೆ 'ಕುಟುಂಬ ಕಲ್ಯಾಣ' ಎಂಬ ಹೊಸ ಹೆಸರು ಬಂತು, ಕತ್ತರಿ ಸದ್ದಿಲ್ಲದೆ ಹೆಂಗಸರ ಕಡೆಗೆ ತಿರುಗಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ಹೆಚ್ಚುಕಡಿಮೆ ಸೊನ್ನೆ. "ಆಪರೇಷನ್ ಆಯ್ತಾ?" ಎಂದು ನಮ್ಮಲ್ಲಿ ಬಾಣಂತಿಯನ್ನು ಕೇಳುತ್ತಾರೆ, ಅವಳ ಗಂಡನನ್ನಲ್ಲ.

ವಿಪರ್ಯಾಸವೆಂದರೆ, ಗಂಡಸಿನ ಶಸ್ತ್ರಚಿಕಿತ್ಸೆಯೇ ಹಗುರ. ಹೆಂಗಸಿಗಾದರೆ ಹೊಟ್ಟೆಯನ್ನು ಕೊಯ್ದು ಒಳಗಿನ ಅಂಡನಾಳಗಳನ್ನು ಮುಚ್ಚಬೇಕು. ವಾಸೆಕ್ಟಮಿಯಲ್ಲಿ ಅಷ್ಟೇ ಜಾಗವನ್ನು ಮರಗಟ್ಟಿಸಿ, ವೃಷಣಚೀಲದ ಚರ್ಮದಲ್ಲಿ ಚಿಕ್ಕ ರಂಧ್ರ ಮಾಡಿ, ವೀರ್ಯಾಣು ಸಾಗುವ ನಾಳವನ್ನು ಕತ್ತರಿಸುತ್ತಾರೆ. ಅರ್ಧ ಗಂಟೆಯೊಳಗಿನ ಕೆಲಸ. ಹಾರ್ಮೋನು ರಕ್ತಕ್ಕೆ ಸೇರುವುದು ಈ ನಾಳದ ಮೂಲಕವಲ್ಲ. ಆದ್ದರಿಂದ ಕಾಮನೆಯಾಗಲಿ ಕಸುವಾಗಲಿ ಕುಂದುವ ಪ್ರಶ್ನೆಯೇ ಇಲ್ಲ. ಫಲ ಮಾತ್ರ ತಕ್ಷಣ ಸಿಗದು. ಸುಮಾರು ಮೂರು ತಿಂಗಳ ಬಳಿಕ ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಬೇರೆ ಸಾಧನ ಬೇಕು. ಇದನ್ನು ಶಾಶ್ವತವೆಂದೇ ತಿಳಿದು ತೀರ್ಮಾನಿಸಬೇಕು.

ಮಕ್ಕಳನ್ನು ಮುಂದೂಡುವವರಿಗೆ ದಾರಿಗಳು ಹಲವು. ನಿತ್ಯದ ಮಾತ್ರೆ ಪಿಟ್ಯುಟರಿ ಗ್ರಂಥಿಯಿಂದ ಅಂಡಾಶಯಕ್ಕೆ ಹೋಗುವ ಸೂಚನೆಯನ್ನು ತಡೆದು ಅಂಡ ಬಿಡುಗಡೆಯಾಗದಂತೆ ಮಾಡುತ್ತದೆ. ಮರೆವು ಸಹಜವಾದ್ದರಿಂದ ವರ್ಷಕ್ಕೆ ನೂರರಲ್ಲಿ ಸುಮಾರು 7 ಮಂದಿ ಮಾತ್ರೆಯಿದ್ದೂ ಬಸಿರಾಗುತ್ತಾರೆ. ಕಾಂಡೋಮಿನಲ್ಲಿ ಆ ಸಂಖ್ಯೆ ಇನ್ನೂ ಹೆಚ್ಚು. ಆದರೆ ಲೈಂಗಿಕ ರೋಗಗಳಿಂದಲೂ ಕಾಪಾಡುವುದು ಅದೊಂದೇ. ನಮ್ಮಲ್ಲಿ 'ವಂಕಿ' ಎನ್ನುವ ಕಾಪರ್-ಟಿಯ ತಾಮ್ರ ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಹಾರ್ಮೋನು ಇರುವ ವಂಕಿ ಗರ್ಭಕೊರಳಿನ ಲೋಳೆಯನ್ನು ಗಟ್ಟಿಯಾಗಿಸಿ ದಾರಿ ಮುಚ್ಚುತ್ತದೆ. ತೋಳಿನ ಚರ್ಮದಡಿ ಇರಿಸುವ ಕಡ್ಡಿ ಮುಖ್ಯವಾಗಿ ಅಂಡ ಬಿಡುಗಡೆಯನ್ನೇ ನಿಲ್ಲಿಸುತ್ತದೆ. ಈ ಮೂರರಲ್ಲಿ ವರ್ಷಕ್ಕೆ ನೂರರಲ್ಲಿ ಒಬ್ಬರೂ ಬಸಿರಾಗುವುದು ಅಪರೂಪ. ತೆಗೆಸಿದರೆ ಸಂತಾನಶಕ್ತಿ ಮರಳುತ್ತದೆ. ಬಾಣಂತನಕ್ಕೆಂದು ಊರಿನಿಂದ ಬಂದ ತಾಯಂದಿರು "ಹಾಲೂಡಿಸುವಾಗ ಏನೂ ಆಗುವುದಿಲ್ಲ" ಎನ್ನುವುದುಂಟು. ಅದು ನಿಜವಾಗುವುದು ಮಗುವಿಗೆ ಆರು ತಿಂಗಳು ತುಂಬಿರದೆ, ಎದೆಹಾಲೇ ಅದರ ಪೂರ್ಣ ಆಹಾರವಾಗಿದ್ದು, ಮುಟ್ಟು ಮರಳಿರದಿದ್ದರೆ ಮಾತ್ರ.

ಆಯ್ಕೆಗಳಿದ್ದರೂ ಅವು ಎಲ್ಲರ ಕೈಗೆ ಎಟುಕುತ್ತಿಲ್ಲ. 2025ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಹೊಸ ಗರ್ಭನಿರೋಧಕ ಮಾತ್ರೆಗಳನ್ನು ಸಹಾಯಧನದ ಪಟ್ಟಿಗೆ ಸೇರಿಸಿತು. ಮೆಡಿಕೇರ್ ಇಲ್ಲದ ನಮ್ಮ ವಿದ್ಯಾರ್ಥಿನಿಯರಿಗೆ ಅದು ದಕ್ಕದು. ವೀಸಾ ನೋಡಿ ದೇಹದ ಹಕ್ಕನ್ನು ಅಳೆಯುವ ಈ ವ್ಯವಸ್ಥೆಯನ್ನು ನಾವು ಪ್ರಶ್ನಿಸಲೇಬೇಕು. ಜೊತೆಗೆ ಅವರಿಗೆ ದಾರಿಯನ್ನೂ ತೋರಬೇಕು: ನ್ಯೂ ಸೌತ್ ವೇಲ್ಸ್‌ನಲ್ಲಿ ಫ್ಯಾಮಿಲಿ ಪ್ಲಾನಿಂಗ್ ಆಸ್ಟ್ರೇಲಿಯಾದ ಚಿಕಿತ್ಸಾಲಯಗಳಿವೆ, ಮೆಲ್ಬರ್ನಿನವರಿಗೆ ಸೆಕ್ಷುಯಲ್ ಹೆಲ್ತ್ ವಿಕ್ಟೋರಿಯಾ ಇದೆ, ಗುಟ್ಟು ಕಾಯುವ '1800 ಮೈ ಆಪ್ಷನ್ಸ್' ದೂರವಾಣಿ ಇದೆ. ವಯಸ್ಕ ಹೆಣ್ಣಿಗೆ ಇಲ್ಲಿ ಗಂಡನ ಅಥವಾ ಅತ್ತೆಯ ಒಪ್ಪಿಗೆ ಬೇಕಿಲ್ಲ.

ನಮ್ಮ ಸಂಘಗಳು ದಸರೆ, ರಾಜ್ಯೋತ್ಸವಗಳನ್ನು ಸೊಗಸಾಗಿ ನಡೆಸುತ್ತವೆ. ಈ ವರ್ಷದ ಕಾರ್ಯಕ್ರಮಗಳಲ್ಲಿ ಒಂದು ಗಂಟೆಯನ್ನು ಈ ಮಾತಿಗೆ ಮೀಸಲಿಡಲಿ. ವೈದ್ಯರು ಕನ್ನಡದಲ್ಲೇ ವಿವರಿಸಲಿ. ಮುಂದಿನ ಸಾಲಿನಲ್ಲಿ ಗಂಡಸರು ಕುಳಿತು ಕೇಳಲಿ. ಎರಡು ಹೆರಿಗೆಯ ನೋವನ್ನು ಹೆಂಡತಿ ಉಂಡ ಮೇಲೆ ಮೂರನೆಯ ಸರದಿ ತಮ್ಮದೆಂದು ಅವರಲ್ಲಿ ಕೆಲವರಿಗಾದರೂ ಅನ್ನಿಸಿದರೆ, ಆ ಗಂಟೆ ವ್ಯರ್ಥವಾಗಲಾರದು.